ಏಸಿಯೊಳಗಿನ ಹುರುಳಿ ಹೊಟ್ಟು

ಶಿವರಾತ್ರಿ ಮುಗಿದದ್ದೇ ತಡ, ನನ್ನ ಕಾರಿನ ಏಸಿ ಬಿಸಿಗಾಳಿ ಊದತೊಡಗಿತು. ಪಕ್ಕದಲ್ಲಿ ಕೂತ ಅತ್ತೆಯವರು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, ಇದಕ್ಕಿಂತ ಯಾವಗಲ್ ಊರಿನ ಬಸ್ಸೇ ವಾಸಿ ಎಂದು ದಾರಿಯುದ್ದಕ್ಕೂ ಚುಚ್ಚಿದರು. ಗ್ಯಾಸ್ ಖಾಲಿಯಾಗಿದೆ ಎಂದು ಸಿಕ್ಕವರೆಲ್ಲ ಹೇಳಿದ್ದರು. ನರಗುಂದದ ಮೆಕ್ಯಾನಿಕ್ ಮುಂದೆ ನಾನೂ ಅದನ್ನೇ ದೊಡ್ಡ ಪಂಡಿತೆಯಂತೆ ಒದರಿದೆ.

ಅವರು ಮೀಟರ್ ಹಚ್ಚಿ ನೋಡಿದರು. "ಗ್ಯಾಸ್ ಬರೋಬ್ಬರಿ ಐತ್ರಿ ಅಕ್ಕಾರ." ಆಮೇಲೆ ಮುಂದಿನ ಜಾಲರಿಯೊಳಗೆ ಬ್ಯಾಟರಿ ಬೆಳಕು ಬಿಟ್ಟು ನಕ್ಕರು. "ಏಸಿ ಬಿಸಿ ಹೊರಗ ಹಾಕೋ ಕಂಡೆನ್ಸರ್ ಉಸಿರು ಕಟ್ಟೇತ್ರಿ. ರಸ್ತೇದಾಗ ಹಾಕಿದ ರಾಶಿ ಮ್ಯಾಲ ಗಾಡಿ ಹಾಯಿಸೀರೇನು?"

ಹಾಯಿಸುವುದೇ? ಡಾಂಬರಿನ ಮೇಲೆ ಹರವಿದ್ದ ನಮ್ಮದೇ ಹುರುಳಿಯ ಕಾಳು ಬಿಡಿಸಲು ಹಿಂದಕ್ಕೂ ಮುಂದಕ್ಕೂ ಒಂದು ತಾಸು ಓಡಿಸಿದ್ದೆ! ಬದಿಗೆ ನಿಂತು "ಇನ್ನೊಂದ್ ಸಲ, ಇನ್ನೊಂದ್ ಸಲ" ಎಂದು ಕೈ ಬೀಸಿದವರು ಇದೇ ಅತ್ತೆ.

ಮೆಕ್ಯಾನಿಕ್ ಬಂಪರ್ ಬಿಚ್ಚಿ ಕಂಡೆನ್ಸರಿಗೆ ನೀರು ಬಿಟ್ಟರು. ಹೊಟ್ಟು ಗಂಜಿಯಂತೆ ಇಳಿಯಿತು, ಜೊತೆಗೆ ನಾಲ್ಕು ಕಾಳು. ಅತ್ತೆ ಬಗ್ಗಿ ಆ ನಾಲ್ಕನ್ನೂ ಆರಿಸಿ ಸೆರಗಿಗೆ ಕಟ್ಟಿಕೊಂಡರು. ನಾನು ನಕ್ಕು ನಕ್ಕು ನೆಲಕ್ಕೇ ಕೂತೆ.

ಮರಳುವಾಗ ಕಾರು ಎಷ್ಟು ತಣ್ಣಗಾಯಿತೆಂದರೆ ಅತ್ತೆ ತಲೆ ತುಂಬ ಸೆರಗು ಹೊದ್ದರು. ಯಾವಗಲ್ ಹತ್ತಿರ ರಸ್ತೆ ತುಂಬ ಯಾರದೋ ಹುರುಳಿ. ನಾನು ಗಾಬರಿಯಿಂದ ಪಕ್ಕದ ಮಣ್ಣಿಗೆ ಇಳಿಸಹೊರಟೆ.

"ಎಲ್ಲಿಗೆ ಹೊಂಟಿ?" ಅತ್ತೆ ಗದರಿದರು. "ಮೆಕ್ಯಾನಿಕ್ ಎಲ್ಲೂ ಓಡಿ ಹೋಗಂಗಿಲ್ಲ. ಹಾಯಿಸು, ಎರಡ್ ಸಲ!"