ಹೇಳದೆ ಹೋದ ಧೂಳಮ್ಮ

ಆರೋಗ್ಯ ಕಚೇರಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರೇ ಇಲ್ಲ, ಎಲ್ಲರ ಬಾಯಲ್ಲೂ ಧೂಳಮ್ಮ. ಮನೆಮನೆಗೆ ಹೋಗಿ ಒದ್ದೆ ಬಟ್ಟೆಯಿಂದ ನೆಲ ಒರೆಸಿ, ಆ ಬಟ್ಟೆಯಲ್ಲಿ ಮಕ್ಕಳಿಗೆ ವಿಷವಾಗುವ ಸೀಸ ಎಷ್ಟು ಹತ್ತಿದೆ ಎಂದು ಪರೀಕ್ಷಿಸುವುದು ಅವಳ ಕೆಲಸ. ಆಡಿಕೊಂಡವರು ಆಡಿಕೊಳ್ಳಲಿ ಎಂದು ಫೋನೆತ್ತಿದರೂ "ಧೂಳಮ್ಮ ಮಾತಾಡ್ತಿರೋದು" ಎನ್ನುತ್ತಿದ್ದಳು.

ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುವ ಕಾರ್ಖಾನೆಯ ಹಿಂದೆ ಕೂಲಿಯವರ ವಠಾರ, ಮುಂದೆ ಸ್ವಂತ ಮನೆಗಳ ಬೀದಿ. ವಠಾರಕ್ಕೆ ಧೂಳಮ್ಮ ಹೋಗಿದ್ದಳು, ಬೀದಿಗೆ ಬೇರೆ ತಂಡ. ವಠಾರದ ನೆಲದಲ್ಲಿ ಸೀಸ ಮಿತಿಮೀರಿತ್ತು, ಬೀದಿಯಲ್ಲಿ ಹೆಸರಿಗಷ್ಟೇ. "ಕೂಲಿಯವರು ಗಲೀಜು, ಕಾರ್ಖಾನೆಯ ತಪ್ಪೇನಿಲ್ಲ" ಎಂದು ವರದಿ ಬರೆಯಲು ಕಚೇರಿಯ ಸಾಹೇಬರು ಕೂತೇಬಿಟ್ಟರು. ಧೂಳಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಹೊಗೆಗೆ ಬಡವ ಬಲ್ಲಿದ ಅಂತ ಗೊತ್ತೇನು? ಸಾಲದ್ದಕ್ಕೆ ಆ ಬೀದಿಯಲ್ಲೇ ಅವಳ ಅಕ್ಕನ ಮನೆ. ಅಕ್ಕನ ಮಗು ಈಗಷ್ಟೇ ಅಂಬೆಗಾಲಿಡುತ್ತಿತ್ತು, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ.

"ಅಕ್ಕಾ, ನಮ್ಮ ಆಫೀಸಿನೋರು ಬಂದಾಗ ನೀನೇನ್ ಮಾಡ್ದೆ?" ಎಂದು ಕೇಳಿದಳು.

"ಇನ್ನೇನ್ ಮಾಡ್ಲಿ? ಬರ್ತೀವಿ ಅಂತ ಹಿಂದಿನ ದಿನಾನೇ ಫೋನ್ ಮಾಡಿದ್ರು. ಬೀದಿಯವ್ರೆಲ್ಲ ಗುಡಿಸಿ, ಒರೆಸಿ, ಕನ್ನಡಿ ಥರ ಇಟ್ಟಿದ್ವಿ. ಇಲ್ದಿದ್ರೆ ಮಾನ ಹೋಗಲ್ವೇನೇ?"

ವಠಾರಕ್ಕೆ ಮಾತ್ರ ಯಾರೂ ಫೋನ್ ಮಾಡಿರಲಿಲ್ಲ. ಅಲ್ಲಿಯವರಿಗೆ ಮಾನವೇ ಇಲ್ಲವೇನೋ ಎಂಬಂತೆ!

ಮುಂದಿನ ವಾರ ಧೂಳಮ್ಮ ಯಾರನ್ನೂ ಕೇಳದೆ, ಬೆಳಗಾಗುತ್ತಲೇ ಬೀದಿಗೆ ಹೋದಳು. ಅಕ್ಕ ಬಾಗಿಲಲ್ಲೇ ತಡೆದಳು.

"ಅಯ್ಯೋ, ಮೊದ್ಲೇ ಹೇಳಬಾರ್ದಾ? ಇನ್ನೂ ಕಸ ಹೊಡೆದಿಲ್ಲ ಕಣೇ!"

"ಅದಕ್ಕೇ ಬಂದಿದ್ದು, ಆಚೆ ಸರಿ."

ಮಗು ಆಡುವ ಜಾಗವನ್ನೇ ಒರೆಸಿದಳು. ಒಂದು ಮನೆಯನ್ನೂ ಬಿಡಲಿಲ್ಲ. ಫಲಿತಾಂಶ ಬಂದಾಗ ವಠಾರಕ್ಕೂ ಬೀದಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಮಗುವನ್ನು ನೆನೆದು ಅವಳಿಗೆ ಅಳು ಬಂತು, ಹಿಂದೆಯೇ ಸಿಟ್ಟೂ ಬಂತು. ಸಿಟ್ಟನ್ನೇ ಹೊತ್ತುಕೊಂಡು, ಫಲಿತಾಂಶದ ಹಾಳೆ ಹಿಡಿದು ಸಾಹೇಬರ ಕೋಣೆಗೆ ನಡೆದಳು.

"ಯಾರನ್ನ ಕೇಳಿ ಹೋದ್ರಿ?" ಸಾಹೇಬರು ರೇಗಿದರು. "ಅಲ್ಲಿರೋದು ನಿಮ್ಮ ಅಕ್ಕ. ಪಕ್ಷಪಾತ ಅಂತಾರೆ ಜನ. ತಗೊಂಡೋಗಿ ಬಿಸಾಕಿ ಇದನ್ನ."

"ಬಿಸಾಕಲ್ಲ ಸರ್. ಇನ್ಮೇಲೆ ಯಾರ ಮನೆಗೂ ಹೇಳಿ ಹೋಗೋದೇ ಇಲ್ಲ, ಎಲ್ರಿಗೂ ಒಂದೇ ಅಳತೆ. ಅಕ್ಕನ ಮನೆ ಬೇಡ್ವಾ? ಬಿಡಿ. ನಿಮ್ಮ ಮನೇನೂ ಅದೇ ಕಾರ್ಖಾನೆ ಚಿಮಣಿ ಗಾಳಿಗಿದೆ. ಮೊಮ್ಮಗಳು ಬಂದಿದಾಳಂತಲ್ಲ, ತೆವಳ್ತಾಳಾ?"

ಸಾಹೇಬರ ಪೆನ್ನು ನಿಂತಿತು. ದನಿ ತಗ್ಗಿಸಿ ಕೇಳಿದರು, "ಯಾವತ್ತು ಬರ್ತೀರಿ?"

"ಅದೊಂದನ್ನ ಮಾತ್ರ ಹೇಳಲ್ಲ ಸರ್" ಎಂದಳು ಧೂಳಮ್ಮ.