ಅತ್ತೆಯ ಸೀರೆ, ನಂಗಲಿಯ ಕಿಟಕಿ

ಸ್ಲೈಡಿಂಗ್ ಕಿಟಕಿ ಒರೆಸುತ್ತಿದ್ದಾಗ ಬೂದು ಬಣ್ಣದ ಕೂದಲ ಪಟ್ಟಿಯೊಂದು ಕಿತ್ತು ಕೈಗೆ ಬಂತು. ಕಂಬಳಿಹುಳವೆಂದು ಕಿರುಚಿ ಎಸೆದುಬಿಟ್ಟೆ. ರೇಷ್ಮೆಹುಳ ಸಾಕಿದ ಮನೆಯ ಸೊಸೆ ನಾನು. ನನ್ನ ಧೈರ್ಯ ನೋಡಿ!

ಗಾಳಿ, ಸದ್ದು ನುಗ್ಗದಿರಲೆಂದು ಚೌಕಟ್ಟಿಗೆ ಹಾಕಿದ್ದ ಪಟ್ಟಿ ಅದು. ಸವೆದುಹೋಗಿತ್ತು. ನಂಗಲಿಯಲ್ಲಿ ನಮ್ಮ ಮನೆ ಇರುವುದೇ ಹೆದ್ದಾರಿಯ ಮಗ್ಗುಲಿಗೆ. ಲಾರಿಗಳ ಹಾರನ್ ನಮಗೆಲ್ಲ ಎಂದೋ ಅಭ್ಯಾಸವಾಗಿದೆ. ಬಾಣಂತನಕ್ಕೆ ಬಂದಿರುವ ಮಗಳು ಪವಿತ್ರಳ ಕೂಸಿಗೆ ಹಾಗಲ್ಲ. ಹಾಲಿಗೆ ಬಾಯಿ ಹಾಕುವಷ್ಟರಲ್ಲಿ ಹಾರನ್, ಬೆಚ್ಚಿಬಿದ್ದು ಅಳು.

"ಶ್ರೀನಿವಾಸಪುರಕ್ಕೆ, ಗಂಡನ ಮನೆಗೇ ಹೋಗ್ತೀನಮ್ಮ. ಅಲ್ಲಿ ಮನೆ ಒಳಬೀದೀಲಿದೆ," ಎಂದ ಪವಿತ್ರ ಬ್ಯಾಗನ್ನೂ ಮಂಚದ ಪಕ್ಕಕ್ಕೆ ತಂದಿಟ್ಟಳು.

ತವರಿನ ಬಾಣಂತನ ಅರ್ಧಕ್ಕೇ ಬಿಟ್ಟು ಮಗಳು ಹೊರಡುವುದೆಂದರೇನು? ನನಗೆ ಜಂಬ ತುಸು ಜಾಸ್ತಿಯೇ. ಅದು ವಕ್ಕಲೇರಿಯ ನನ್ನ ಅತ್ತೆಯಿಂದ ಬಂದ ಆಸ್ತಿ.

ಹುಳದ ಮೇಲೆ ಮೊಟ್ಟೆಯಿಟ್ಟು ಬೆಳೆಯನ್ನೇ ಕೆಡಿಸುವ ಊಜಿ ನೊಣ ಅತ್ತೆಯ ಹುಳದ ಮನೆಗೆ ಹೊಕ್ಕಿದ್ದನ್ನು ನಾನು ಕಾಣೆ. ಸಂದಿಗೊಂದಿಗೆಲ್ಲ ಹಳೇ ಸೀರೆ ತುರುಕುತ್ತಿದ್ದರು. ಸಂದಿ ಹುಡುಕಲು ಊದುಬತ್ತಿ ಹಚ್ಚುವಂತಿಲ್ಲ, ಹುಳಕ್ಕೆ ವಾಸನೆ ಆಗದು.

"ಕೆನ್ನೆ ಇಟ್ಟು ನೋಡಮ್ಮಾಯಿ. ಗಾಳಿ ತಗುಲಿದ ಕಡೆಯಿಂದ್ಲೇ ನೊಣಾನೂ ಬರೋದು," ಎನ್ನುತ್ತಿದ್ದರು.

ಆಮೇಲೆ ನಮ್ಮನ್ನೆಲ್ಲ ಸುಮ್ಮನಿರಿಸಿ ಕಿವಿಗೊಡುವರು. ಹುಳಗಳು ಸೊಪ್ಪು ಮೇಯುವ ಸದ್ದು ಜಿನುಗು ಮಳೆಯ ಹಾಗೆ. ಹುಳಕ್ಕೆ ಜಡ್ಡಾದರೆ ಆ ಸದ್ದು ನಿಲ್ಲುತ್ತದೆ. "ಮೇಯ್ತಾ ಅವೆ ಕಣೇ!" ಎಂದು ಸೆರಗು ಸರಿಮಾಡಿಕೊಳ್ಳುವಾಗ ಅವರ ಠೀವಿ ನೋಡಬೇಕಿತ್ತು.

ಮುಳಬಾಗಿಲಿನಿಂದ ಹೊಸ ಪಟ್ಟಿ ತರಿಸಿ ಹಾಕಿಸಿದೆ. ಸದ್ದು ತಗ್ಗಿತು, ಸಾಲದು. ಕಿಟಕಿ ಮುಚ್ಚಿ ಸುತ್ತಲೂ ಕೆನ್ನೆ ಇಡುತ್ತ ಬಂದೆ.

"ಏನಮ್ಮಾ, ಕಿಟಕೀಗೆ ಮುತ್ತು ಕೊಡ್ತಿದ್ದೀಯ?" ಪವಿತ್ರ ನಕ್ಕಳು.

ನಗಲಿ ಎಂದುಕೊಂಡೆ. ಎರಡು ಗಾಜಿನ ಬಾಗಿಲುಗಳು ಒಂದರ ಹಿಂದೊಂದು ನಿಲ್ಲುವ ಸಂದಿಯಲ್ಲಿ ತಣ್ಣಗೆ ಗಾಳಿ ತಗುಲಿತು. ಪೆಟ್ಟಿಗೆಯಲ್ಲಿ ಅತ್ತೆಯ ನೂಲಿನ ಸೀರೆ ಇತ್ತು. ಅವರು ಹೋದ ಮೇಲೆ ಜೋಪಾನವಾಗಿಟ್ಟದ್ದು. ಹರಿಯಲು ಕೈ ಬರಲಿಲ್ಲ. ಅವರಾಗಿದ್ದರೆ ಇಷ್ಟು ಯೋಚಿಸುತ್ತಿದ್ದರೇ? ಹರಿದೆ, ಸುರುಳಿ ಸುತ್ತಿ ಹೊಲಿದೆ, ಸಂದಿಗೆ ಒತ್ತಿದೆ.

ಮಧ್ಯಾಹ್ನ ಲಾರಿಯೊಂದು ಹಾರನ್ ಹೊಡೆಯಿತು. ಕೇಳಿಸಲೇ ಇಲ್ಲವೆಂದರೆ ಸುಳ್ಳಾದೀತು. ಪಕ್ಕದೂರಿನಲ್ಲಿ ಹೊಡೆದಂತೆ ಕೇಳಿಸಿತು. ಕೂಸು ಬೆಚ್ಚಲಿಲ್ಲ. ಕೋಣೆಯಲ್ಲಿ ಈಗ ಅದು ಚಪ್ಪರಿಸಿ ಹಾಲು ಕುಡಿಯುವ ಸಣ್ಣ ಸದ್ದೊಂದೇ. ಪವಿತ್ರ ಕಾಲಿನಿಂದಲೇ ಬ್ಯಾಗನ್ನು ಮಂಚದಡಿಗೆ ತಳ್ಳಿದಳು.

ನಾನು ಸೆರಗು ಸರಿಮಾಡಿಕೊಂಡೆ.

"ಮೇಯ್ತಾ ಇದೆ ಕಣೇ!"