ಕಸ್ಟಮ್ಸ್ ಮನೆಯಲ್ಲಿ ಕಳ್ಳಸಾಗಣೆ ಕಾದಂಬರಿ

ನನ್ನ ಗಂಡ ಕಸ್ಟಮ್ಸ್ ಅಧಿಕಾರಿ. ನಾನು ಕೆಲವು ವಾರಗಳಿಂದ ಕಳ್ಳಸಾಗಣೆಯವರ ಜೊತೆ ಓಡಾಡುತ್ತಿದ್ದೇನೆ. ವಿಷಯ ಮನೆಯಲ್ಲಿ ಗೊತ್ತಾಗಿಹೋಗಿದೆ.

ಗಾಬರಿ ಬೇಡ. ಕಳ್ಳರೆಲ್ಲ ಇರುವುದು ಒಂದು ಇಂಗ್ಲಿಷ್ ಕಾದಂಬರಿಯಲ್ಲಿ. (ಹೆಸರು ಹೇಳುವುದಿಲ್ಲ. ಯಾಕೆಂದು ಕೊನೆಗೆ ನಿಮಗೇ ತಿಳಿಯುತ್ತದೆ.) ಗುರುಗ್ರಾಮದಲ್ಲಿ ಕೆಲಸ ಮಾಡುವ ಮಗಳು, ರೋಹಿಣಿ ಬಡಾವಣೆಯಲ್ಲಿರುವ ನಮ್ಮ ಮನೆಗೆ ಬಂದಾಗ ಬಿಟ್ಟುಹೋದದ್ದು. "ಅಮ್ಮಾ, ಸ್ಪೇಸ್ ಒಪೆರಾ ಇದು. ನೀನು ಓದಲ್ಲ, ರಹನೇ ದೋ, ಬಿಡು" ಅಂದಳು. ಓದಲ್ಲ ಅಂದಮೇಲೆ ಓದದೆ ಬಿಡುವವಳೇ ನಾನು?

ಐದು ಜನ, ಒಂದು ಡಕೋಟಾ ಗಗನನೌಕೆ. ಸರ್ಕಾರ ನಿಷೇಧಿಸಿದ ಬಿತ್ತನೆ ಬೀಜಗಳನ್ನು ಒಂದು ಗ್ರಹದಿಂದ ಇನ್ನೊಂದಕ್ಕೆ ಕದ್ದು ಸಾಗಿಸುವುದು ಇವರ ಕಸುಬು. ನೌಕೆ ಹೇಗೆ ಹಾರುತ್ತದೆ ಎಂದು ನನ್ನನ್ನು ಕೇಳಬೇಡಿ. (ಮೆಟ್ರೋ ಹೇಗೆ ಓಡುತ್ತದೆ ಎಂದೂ ಗೊತ್ತಿಲ್ಲ. ಹತ್ತಿ ಕೂರುವುದಿಲ್ಲವೇ?) ನನ್ನನ್ನು ಹಿಡಿದು ಕೂರಿಸಿದ್ದು ಆ ಐವರ ಜಗಳ. ಪೊಲೀಸ್ ನೌಕೆ ಹಿಂದೆ ಬಿದ್ದಿದ್ದರೂ, ಇವತ್ತು ಪಾತ್ರೆ ತೊಳೆಯುವ ಸರದಿ ಯಾರದು ಎಂದು ಕಾದಾಡುತ್ತಾರೆ.

ಅದರಲ್ಲೊಬ್ಬ ಮುದುಕ ಮೆಕ್ಯಾನಿಕ್. ಅವನ ಹೆಸರಿಗೆ ನನ್ನ ನಾಲಿಗೆ ಹೊರಳುವುದಿಲ್ಲ, ಅಜ್ಜ ಎಂದೇ ಓದಿಕೊಳ್ಳುತ್ತೇನೆ. ಇಂಜಿನ್ನಿಗೆ ಬಾಯಿಗೆ ಬಂದಂತೆ ಬೈಯುತ್ತಾನೆ, ಆಮೇಲೆ ಕ್ಷಮೆ ಕೇಳುತ್ತಾನೆ. ಎಲ್ಲರಿಗೂ ಬಡಿಸಿ ಕೊನೆಗೆ ತಾನು ಉಣ್ಣುತ್ತಾನೆ. ಅಜ್ಜ ಎಂದರೆ ನನಗೆ ಪ್ರಾಣ. ಕಸ್ಟಮ್ಸಿನ ಉಪ್ಪು ತಿನ್ನುತ್ತಾ ಕಳ್ಳರು ಪಾರಾಗಲಿ ಎಂದು ಹರಕೆ ಹೊರುವುದು ದ್ರೋಹವಲ್ಲವೇ?

ಒಂದು ಸಂಜೆ ನೋಡಿದರೆ ಪುಸ್ತಕ ಇವರ ಕೈಯಲ್ಲಿ. ಪೇಪರ್ ಬಿಟ್ಟರೆ ಬೇರೇನೂ ಓದದ ಮನುಷ್ಯ ಎಂದು ಈ ಅಂಕಣದ ಓದುಗರಿಗೆ ಹೊಸದಾಗಿ ಹೇಳಬೇಕಿಲ್ಲ. ಅದೂ ಕೊನೆಯ ಅಧ್ಯಾಯ ತೆರೆದು ಕೂತಿದ್ದಾರೆ.

"ರೀ, ಕಥೇನ ಯಾರಾದರೂ ಹಿಂದಿನಿಂದ ಓದ್ತಾರಾ?"

"ಬ್ಯಾಗನ್ನ ತಳದಿಂದಲೇ ನೋಡಬೇಕು ಕಣೇ. ಮೇಲಿರೋದೆಲ್ಲ ನಮಗೆ ತೋರಿಸೋಕೆ ಅಂತಲೇ ಇಟ್ಟಿರ್ತಾರೆ."

ಏರ್‌ಪೋರ್ಟಿನಲ್ಲಿ ಕಂಡವರ ಬ್ಯಾಗು ತೆರೆಸುತ್ತಲೇ ಸರ್ವಿಸ್ ಕಳೆದವರಿಗೆ ಏನು ಹೇಳುವುದು? ಹೀಗೆ ತಳದಿಂದ ಮೇಲಕ್ಕೆ ನಾಲ್ಕೈದು ಅಧ್ಯಾಯ ಮುಗಿಸಿಯೇಬಿಟ್ಟರು.

ಈಗ ಕಷ್ಟ ನನ್ನದು. ಕೊನೆಯ ಚೆಕ್‌ಪೋಸ್ಟಿನಲ್ಲಿ ಐವರೂ ಉಳಿಯುತ್ತಾರೋ ಇಲ್ಲವೋ ಇವರಿಗೆ ಗೊತ್ತು, ನನಗೆ ಗೊತ್ತಿಲ್ಲ. ಕೇಳಲು ಮನಸ್ಸಿಲ್ಲ, ಕೇಳದೆ ಇರಲಾಗುತ್ತಿಲ್ಲ. ಮುಖ ನೋಡಿ ಪತ್ತೆ ಮಾಡೋಣವೆಂದರೆ, ಎಂಥೆಂಥ ಸುಳ್ಳುಗಾರರ ಎದುರೂ ಹುಬ್ಬು ಅಲುಗಿಸದ ಮುಖ ಅದು. ಊಟಕ್ಕೆ ಕೂತಾಗ "ಅಜ್ಜನ ಕೈರುಚಿ ಚೆನ್ನಾಗಿರಬೇಕು, ಅಲ್ವಾ?" ಎಂದು ಗಾಳ ಹಾಕಿದೆ.

"ಸಾರಿಗೆ ಉಪ್ಪು ಸರಿಯಾಗಿದೆ" ಎಂದರು.

ಇಷ್ಟು ವರ್ಷ ಈ ಮನೆಯಲ್ಲಿ ಓದುವವಳು ನಾನೊಬ್ಬಳೇ. ಓದಿದ್ದನ್ನು ಹೇಳಿಕೊಳ್ಳಲು ಜನವಿರಲಿಲ್ಲ. ಸುಳ್ಳೇಕೆ, ಈ ಹಗ್ಗಜಗ್ಗಾಟ ನನಗೆ ಬಹಳ ಹಿತವಾಗಿತ್ತು.

ಕಳೆದ ಭಾನುವಾರ ಬಾಲ್ಕನಿಯ ಚಳಿಗಾಲದ ಬಿಸಿಲಿನಲ್ಲಿ ಪುಸ್ತಕ ಹಿಡಿದು ಕೂತಿದ್ದೆ. ನೌಕೆ ಚೆಕ್‌ಪೋಸ್ಟಿನ ಹತ್ತಿರ ಬಂದಿತ್ತು. ಇಂಜಿನ್ ಕೈಕೊಟ್ಟಿತ್ತು. ಇವರು ಬಂದು, "ಎಲ್ಲಿಗೆ ಬಂತು?" ಎಂದರು.

"ಅಜ್ಜ ಟೂಲ್‌ಬಾಕ್ಸ್ ಹಿಡ್ಕೊಂಡು ಕೆಳಗೆ ಇಳೀತಿದಾನೆ."

"ಅಚ್ಛಾ" ಎಂದು ಒಳಗೆ ಹೋದರು.

ಸ್ವಲ್ಪ ಹೊತ್ತಿಗೆ ಶುಂಠಿ ಹಾಕಿದ ಚಹಾ ಬಂತು. ನಾನು ಕೇಳಿರಲಿಲ್ಲ. ಅದರ ಹಿಂದೆಯೇ ಒಂದು ತಟ್ಟೆ ಕಿತ್ತಳೆ. ಸುಲಿದು, ತೊಳೆ ಬಿಡಿಸಿ, ಬಿಳಿ ನಾರನ್ನೂ ತೆಗೆದು. (ಈ ಮನೆಯಲ್ಲಿ ಇವರಿಗೂ ಸೇರಿಸಿ ಹಣ್ಣು ಸುಲಿಯುವವಳು ನಾನು.) ಆಮೇಲೆ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ಪೇಪರನ್ನೂ ತೆರೆಯದೆ ಸುಮ್ಮನೆ ಕೂತರು.

ಪುಸ್ತಕದಿಂದ ತಲೆ ಎತ್ತಿದೆ. "ರೀ... ಅಜ್ಜ ಹೋಗಿಬಿಡ್ತಾನಾ?"

"ನಾನೇನೂ ಹೇಳಿಲ್ಲ." ಮುಖ ಅದೇ ಮುಖ. "ನೀನು ಓದು. ನಾನಿಲ್ಲೇ ಇರ್ತೀನಿ."

ಓದಿದೆ. ಅತ್ತುಬಿಟ್ಟೆ. ಮಡಿಸಿದ ಕರವಸ್ತ್ರವೊಂದು ಆಗಲೇ ನನ್ನ ಮಡಿಲಿನಲ್ಲಿತ್ತು.

ಬೇರೆಯವರು ಬಚ್ಚಿಟ್ಟದ್ದನ್ನು ಹುಡುಕುತ್ತಲೇ ತಲೆ ನರೆತವರಿಗೆ, ತಮ್ಮದೊಂದನ್ನು ಬಚ್ಚಿಡಲು ಇಷ್ಟೂ ಬಾರದೇ ಇರುವುದೇ?